ಬಂದವರು ಬೆರೆಯಬೇಕಾದರೆ

ಪ್ರಶ್ನೆ: ಅಬಿಡ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ ಅಪ್ಪ ಅಮ್ಮನ ಐವತ್ತನೇ ಮದುವೆ ವಾರ್ಷಿಕೋತ್ಸವ ಇಟ್ಟುಕೊಂಡಿದ್ದೇವೆ. ಕಲಬುರಗಿಯ ಬಂಧುಗಳು, ಇದೇ ಕಟ್ಟಡದ ತೆಲುಗು ಮತ್ತು ಮಾರವಾಡಿ ನೆರೆಯವರು, ನನ್ನ ಆಫೀಸಿನವರು ಸೇರಿ ಸುಮಾರು ಮೂವತ್ತು ಜನ. ಹೋದ ಸಲ ಮೂರು ಗುಂಪೂ ಮೂರು ಮೂಲೆ ಹಿಡಿದು ಕೂತು, ಉಂಡು ಹೋದರು. ಇವರನ್ನು ಬೆರೆಸುವ ಆಟ ಯಾವುದಾದರೂ ಇದೆಯೇ?
(ಓದುಗರೊಬ್ಬರು, ಹೈದರಾಬಾದ್)

ಉತ್ತರ: ಮೊದಲು ಯಾವುದು ಬೇಡ ಎಂದು ಹೇಳಿಬಿಡುತ್ತೇನೆ. ಮೈಕು ಕೊಟ್ಟು ಒಬ್ಬೊಬ್ಬರಿಂದ ಪರಿಚಯ ಹೇಳಿಸಬೇಡಿ. ತಮ್ಮ ಸರದಿ ಬರುವ ತನಕ ಎಲ್ಲರಿಗೂ ಅಳುಕು, ಮುಗಿದ ಮೇಲೆ ಯಾರ ಹೆಸರೂ ನೆನಪಿರುವುದಿಲ್ಲ. ಹೌಸಿಯನ್ನೂ ಆರಂಭಕ್ಕೆ ಇಡಬೇಡಿ. ಟಿಕೆಟ್ಟಿನ 15 ಅಂಕಿಗಳ ಮೇಲೆ ಕಣ್ಣು ನೆಟ್ಟವರಿಗೆ ಪಕ್ಕದಲ್ಲಿ ಕೂತವರು ಕಾಣುವುದಿಲ್ಲ. ಅಂತ್ಯಾಕ್ಷರಿ ಚೆಂದವೇ, ಆದರೆ ಮೂರು ಭಾಷೆಯ ಮನೆಯಲ್ಲಿ ಅದು ಭಾಷೆಗೊಂದು ತಂಡ ಕಟ್ಟಿಬಿಡುತ್ತದೆ. ಕ್ವಿಜ್ ಇಟ್ಟರೆ, ಅಬಿಡ್ಸ್‌ಗೆ ಈ ಹೆಸರು ಆರನೇ ನಿಜಾಮರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಎಂಬವನ ಅಂಗಡಿಯಿಂದ ಬಂತು ಎಂದು ಬಲ್ಲವರೊಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಹಿರಿಯರಿಗೆ ಜನರನ್ನು ಬೆರೆಸುವ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರದ ಹುಡುಗ ಹುಡುಗಿಯನ್ನು ಮದುವೆಮನೆಯಲ್ಲಿ ಎದುರುಬದುರು ಕೂರಿಸಿ, ಬಿಂದಿಗೆಯ ನೀರಿನಲ್ಲಿ ಉಂಗುರ ಹುಡುಕಿಸುತ್ತಿದ್ದರು, ಹೂವಿನ ಚೆಂಡು ಎಸೆದಾಡಿಸುತ್ತಿದ್ದರು. ಮಾತಾಡಿ ಎಂದು ಯಾರೂ ಹೇಳುತ್ತಿರಲಿಲ್ಲ. ಕೈಗೆ ಕೆಲಸ ಕೊಟ್ಟರೆ ನಾಲಿಗೆ ತಾನಾಗಿ ಸಡಿಲವಾಗುತ್ತದೆ. ಜೊತೆಗೆ ಆ ಕೆಲಸ ಇನ್ನೊಬ್ಬರಿಲ್ಲದೆ ಆಗಬಾರದು. ನಿಮ್ಮ ಆಟವನ್ನೂ ಇದೇ ಅಳತೆಯಲ್ಲಿ ಆರಿಸಿ.

ನೀವು ಇರುವ ಜಾಗವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಹಿಂದಿನ ರವಿವಾರ ಕೆಳಗಿಳಿದು, ಫುಟ್‌ಪಾತಿನ ಹಳೆ ಪುಸ್ತಕದವರ ಹತ್ತಿರ ನಾಲ್ಕಾರು ಹಳೆಯ ಸಿನಿಮಾ ಪತ್ರಿಕೆ ತನ್ನಿ. ದೊಡ್ಡ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಅಡ್ಡಾದಿಡ್ಡಿಯಾಗಿ ಎರಡು ತುಂಡು ಮಾಡಿ. ಒಳಗೆ ಬರುವವರ ಕೈಗೆ ಶರಬತ್ತಿನ ಜೊತೆ ಒಂದು ತುಂಡು. ಇನ್ನೊಂದು ತುಂಡು ಯಾರಲ್ಲಿದೆ ಎಂದು ಹುಡುಕಿ ಜೋಡಿಸಬೇಕು. ಭಾಷೆ ಬಾರದವರೂ ಆಡಬಹುದು. ತುಂಡುಗಳನ್ನು ನೀವೇ ಮೊದಲು ಬೇರ್ಪಡಿಸಿಕೊಳ್ಳಿ: ನಟ ನಾಗೇಶ್ವರರಾವ್ ಅವರ ತಲೆ ಕಲಬುರಗಿಯ ಕಾಕಾನ ಕೈಗೆ, ಭುಜ ಮೇಲಿನ ಮನೆಯ ಮಾರವಾಡಿ ಹುಡುಗನ ಕೈಗೆ. ಯಾರೋ ಕೈಕೊಟ್ಟು ಜೋಡಿ ತಪ್ಪಿದರೆ ನೀವೇ ಆಟಕ್ಕಿಳಿಯಿರಿ.

ಎಲ್ಲರೂ ಬಂದ ಮೇಲೆ ಆ ಜೋಡಿಗಳಿಗೇ ಒಂಬತ್ತು ಮನೆಯ ಚೀಟಿ ಕೊಡಿ; ಪ್ರತಿ ಮನೆಯ ವಿವರಕ್ಕೆ ಹೊಂದುವವರನ್ನು ಹುಡುಕಿ ಅವರ ಹೆಸರು ಬರೆದುಕೊಳ್ಳಬೇಕು. ಇದರ ಜೀವ ಇರುವುದು ಮನೆಗಳಲ್ಲಿ ಏನು ಬರೆಯುತ್ತೀರಿ ಎಂಬುದರಲ್ಲಿ. 'ನೀಲಿ ಅಂಗಿ ತೊಟ್ಟವರು' ಎಂದು ಬರೆದರೆ ಕಣ್ಣಲ್ಲೇ ಮುಗಿಯುತ್ತದೆ. ಕೇಳಿದರಷ್ಟೇ ಗೊತ್ತಾಗುವಂಥದು ಬೇಕು. 'ಜೋಳದ ರೊಟ್ಟಿ ಬಡಿಯಬಲ್ಲ ಗಂಡಸು.' 'ದಖನಿಯಲ್ಲಿ ಚೌಕಾಶಿ ಮಾಡಿ ಗೆದ್ದವರು.' 'ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಓದಿದವರು.' 'ಮನೆ ಬದಲಿಸದೆ ರಾಜ್ಯ ಬದಲಿಸಿದವರು.' ಈ ಕೊನೆಯದನ್ನು ಬಿಡಲೇಬೇಡಿ. 1956ರ ನವೆಂಬರ್ 1ರ ತನಕ ಕಲಬುರಗಿ, ಬೀದರ, ರಾಯಚೂರು ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆಮೇಲೆ ಅವು ಮೈಸೂರಿಗೆ, ಈ ಊರು ಆಂಧ್ರಪ್ರದೇಶಕ್ಕೆ, 2014ರಲ್ಲಿ ತೆಲಂಗಾಣಕ್ಕೆ. ಎಂಬತ್ತರ ಆಸುಪಾಸಿನ ಹೈದರಾಬಾದಿಗರು ಕೂತಲ್ಲೇ ಮೂರು ರಾಜ್ಯ ಕಂಡಿದ್ದಾರೆ. ಮಂಡಿನೋವಿನ ಆ ಹಿರಿಯರು ಏಳಬೇಕಿಲ್ಲ, ಎಲ್ಲರೂ ಅವರ ಕುರ್ಚಿಯ ಬಳಿಗೇ ಬರುತ್ತಾರೆ. ನಿಯಮ ಒಂದೇ: ಒಂದು ಚೀಟಿಯಲ್ಲಿ ಒಬ್ಬರ ಹೆಸರು ಒಮ್ಮೆ ಮಾತ್ರ, ಜೋಡಿಯವರ ಹೆಸರು ಸಲ್ಲದು. ಇಪ್ಪತ್ತು ನಿಮಿಷ ಸಾಕು. ಗದ್ದಲ ಏರಿರುವಾಗಲೇ ಊಟಕ್ಕೆ ಕರೆಯಿರಿ. ಆಟ ಸೊರಗುವ ತನಕ ಎಳೆಯುವುದು ಮನೆಯವರು ಸಾಮಾನ್ಯವಾಗಿ ಮಾಡುವ ತಪ್ಪು.

ಊಟದ ಬಳಿಕ ಒಡಪು, ಅಂದರೆ ಪ್ರಾಸದ ಸಾಲಿನಲ್ಲಿ ಸಂಗಾತಿಯ ಹೆಸರು ಹೇಳುವುದು. ಕಲಬುರಗಿಯವರಿದ್ದೂ ಒಡಪಿಲ್ಲದಿದ್ದರೆ ಅದೆಂಥ ಸಮಾರಂಭ! ಮರಾಠಿಯವರು ಯಾರಾದರೂ ಬಂದಿದ್ದರೆ ಅವರಲ್ಲಿ ಉಖಾಣೆಯೂ ಉಂಟು. ಒತ್ತಾಯ ಮಾತ್ರ ಬೇಡ. ಸಂಗಾತಿಯನ್ನು ಕಳೆದುಕೊಂಡವರು, ಒಂಟಿಯಾಗಿರುವವರು ಇರುತ್ತಾರೆ. ಬೇಕಾದವರು ತಮ್ಮೂರಿನ ಹೆಸರೋ ಗೆಳತಿಯ ಹೆಸರೋ ಸೇರಿಸಿ ಹೇಳಲಿ. ಅಮ್ಮನಿಂದ ಶುರುಮಾಡಿ. ತಕ್ಷಣ ಹೊಳೆಯದಿದ್ದರೆ ಇದನ್ನು ಕಿವಿಯಲ್ಲಿ ಹೇಳಿಕೊಡಿ:

ರವಿವಾರ ಅಬಿಡ್ಸಿನಾಗ ಪುಸ್ತಕದ ರಾಶಿ,
ಕಿಸೆದಾಗಿನ ರೊಕ್ಕೆಲ್ಲ ಅಲ್ಲೇ ಸುರುವಿ ಬರೂದ ನಮ್ಮ ರಾಯರ ಖುಷಿ.

'ರಾಯರ' ಇರುವಲ್ಲಿ ಅಪ್ಪನ ಹೆಸರು. ಅಪ್ಪ ಪುಸ್ತಕದ ಬದಲು ಬೇರೆ ಏನಕ್ಕಾದರೂ ದುಡ್ಡು ಸುರಿಯುವವರಾದರೆ ಅದನ್ನೇ ಹಾಕಿ. ಅವರ ಉತ್ತರದ ಒಡಪು ಏನಿರಬೇಕೆಂದು ಮಾತ್ರ ನನ್ನನ್ನು ಕೇಳಬೇಡಿ, ಐವತ್ತು ವರ್ಷದಲ್ಲಿ ಅವರೇ ಕಲಿತಿರುತ್ತಾರೆ.