ಮಕ್ಕಳಿಗೆ ಕಾಲಜ್ಞಾನ: ಗಡಿಯಾರವೂ ಘಟಿಕೆಯೂ

ಕಾಲವನ್ನರಿಯದೆ ನಿತ್ಯಕರ್ಮವಿಲ್ಲ. ಆದುದರಿಂದ ಮಕ್ಕಳಿಗೆ ಗಡಿಯಾರವನ್ನು ಶಾಲೆಯ ಬಸ್ಸಿಗಾಗಿ ಮಾತ್ರ ಕಲಿಸಿದರೆ ಸಾಲದು.

ಮೊದಲು ಕೃತ್ಯದೊಡನೆ ವೇಳೆಯನ್ನು ಜೋಡಿಸಬೇಕು: ಏಳುವುದು, ಸ್ನಾನ, ದೇವರಿಗೆ ನಮಸ್ಕಾರ, ಶಾಲೆ, ಸಂಜೆಯ ದೀಪ. ಅನಂತರ ಚಿಕ್ಕ ಮುಳ್ಳನ್ನಷ್ಟೇ ತೋರಿಸಿ ಗಂಟೆಯನ್ನು ಹೇಳಿಸಬೇಕು. ಐದರ ಮಗ್ಗಿ ಬಂದ ಬಳಿಕವೇ ದೊಡ್ಡ ಮುಳ್ಳು.

ಇಷ್ಟಾದ ಮೇಲೆ ನಮ್ಮ ಕಾಲಮಾನ. ಒಂದು ಅಹೋರಾತ್ರಕ್ಕೆ 60 ಘಟಿಕೆ. ಘಟಿಕೆಗೆ 24 ನಿಮಿಷ. ಎರಡು ಘಟಿಕೆ ಸೇರಿ ಒಂದು ಮುಹೂರ್ತ. ಸೂರ್ಯೋದಯಕ್ಕೆ ನಾಲ್ಕು ಘಟಿಕೆ, ಎಂದರೆ 96 ನಿಮಿಷ, ಮುಂಚೆ ಅರುಣೋದಯ. ಉದಯವು 6-20ಕ್ಕಾದರೆ ಅರುಣೋದಯವೆಷ್ಟಕ್ಕೆ? ಮಗುವೇ ಕಳೆದು 4-44 ಎನ್ನಲಿ. ಆಗ ದಶಮಿಯು ಉಳಿದಿದ್ದರೆ ಏಕಾದಶಿಯು ವಿದ್ಧವಾಗಿ ಉಪವಾಸವು ಮರುದಿನಕ್ಕೆ ಬರುವುದೆಂಬುದನ್ನೂ ಈ ಲೆಕ್ಕದಿಂದಲೇ ತಿಳಿಸಬಹುದು.

ದೇಶಕ್ಕೆಲ್ಲ ಗಡಿಯಾರ ಒಂದೇ ಆದರೂ ಸೂರ್ಯೋದಯ ಒಂದೇ ಅಲ್ಲ. ರೇಖಾಂಶದ ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ, ವಿಷುವದ ದಿನಗಳಲ್ಲಿ ಚೆನ್ನೈಗಿಂತ ಮುಂಬಯಿಯಲ್ಲಿ ಉದಯವು ಸುಮಾರು ಅರ್ಧ ಗಂಟೆ ತಡ. ತಮ್ಮ ಊರಿನ ಉದಯವನ್ನು ಮಗುವಿನ ಕೈಯಿಂದಲೇ ಗೋಡೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಮ್ಮೆ ಬರೆಯಿಸಿರಿ.

ವ್ರತನಿರ್ಣಯಕ್ಕೆ ಮಠದ ಪಂಚಾಂಗವೇ ಪ್ರಮಾಣ. ಆದರೆ ಅದರ ಕಾರಣವನ್ನರಿತ ಮಗು ವ್ರತವನ್ನು ಹಿರಿಯರ ಹೇರಿಕೆಯೆಂದೆಣಿಸದು. ದೂರದ ಊರಿನಲ್ಲಿ ಬೆಳೆದರೂ ಅದನ್ನು ಬಿಡದು.

ಶ್ರೀಕೃಷ್ಣಾರ್ಪಣಮಸ್ತು.