ಸೀತಾಳೆ ಗಿಡಗಳಿಗೆ ತಗಲುವ ಕೊಳೆರೋಗಗಳು

ಗ್ಯಾಲರಿಯ ಕುಂಡಗಳಲ್ಲಿ ಆರ್ಕಿಡ್ ಬೆಳೆಸುವ ಹವ್ಯಾಸವು ಮುಂಬಯಿಯ ನಮ್ಮ ಬಾಂಧವರಲ್ಲಿಯೂ ಕಂಡುಬರುತ್ತದೆ. ಮಲೆನಾಡಿನವರಿಗೆ ಇದು ಅಪರಿಚಿತವಲ್ಲ. ಮರದ ಕೊಂಬೆಯಿಂದ ಇಳಿಬೀಳುವ ಸೀತಾಳೆ ದಂಡೆಯೂ ಆರ್ಕಿಡ್ ಕುಲದ್ದೇ. ನಾನು ಸಸ್ಯಶಾಸ್ತ್ರಜ್ಞನಲ್ಲ, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ವಾಣಿಜ್ಯ ಪದವೀಧರ. ಆದರೆ ಒಂದೇ ಮಳೆಗಾಲದಲ್ಲಿ ಏಳು ಗಿಡಗಳ ಪೈಕಿ ಐದನ್ನು ಕಳೆದುಕೊಂಡ ಮೇಲೆ, ಆ ನಷ್ಟದ ಕಾರಣವನ್ನರಸಿ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಆರ್ಕಿಡ್‌ಗೂ ಶಿಲೀಂಧ್ರಕ್ಕೂ ಇರುವ ನಂಟು ವಿಚಿತ್ರವಾದುದು. ಇದರ ಬೀಜ ಧೂಳಿನಷ್ಟು ಸೂಕ್ಷ್ಮ. ಮೊಳಕೆಗೆ ಸಾಕಾಗುವಷ್ಟು ಆಹಾರ ಅದರಲ್ಲಿಲ್ಲ. ನಿಸರ್ಗದಲ್ಲಿ ಶಿಲೀಂಧ್ರವು ಒಳಹೊಕ್ಕು ಪೋಷಿಸಿದರೇನೇ ಅದು ಬೆಳೆಯುವುದೆಂಬ ಸಂಗತಿಯನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಬೆಳಕಿಗೆ ತಂದರು. ಹೀಗೆ ಜನ್ಮಕ್ಕೆ ಆಸರೆಯಾಗುವ ವರ್ಗದಲ್ಲಿಯೇ ಪ್ರಾಣಕ್ಕೆ ಎರವಾಗುವವೂ ಇವೆ.

ಮುಖ್ಯವಾಗಿ ಮೂರು ಬಗೆಯ ಕೊಳೆಗಳನ್ನು ಗುರುತಿಸಬಹುದು.

1. ಕಪ್ಪು ಕೊಳೆ: ಫೈಟಾಫ್ತೊರ ಹಾಗೂ ಪಿಥಿಯಂ ಇದಕ್ಕೆ ಕಾರಣ. ಶಾಸ್ತ್ರದೃಷ್ಟಿಯಿಂದ ಇವು ನಿಜವಾದ ಶಿಲೀಂಧ್ರಗಳಲ್ಲ, ನೀರಿನ ಬೂಷ್ಟುಗಳು. ಅಡಕೆಯ ಕೊಳೆರೋಗವೂ ಫೈಟಾಫ್ತೊರದಿಂದಲೇ ಬರುವಂಥದು. ಎಲೆಯ ಮೇಲೆ ನೀರು ತುಂಬಿದಂಥ ಕಂದು ಮಚ್ಚೆ ಮೂಡಿ, ಬೇಗನೆ ಕಪ್ಪಾಗಿ ಹರಡುತ್ತದೆ. ಇವುಗಳ ಬೀಜಾಣುಗಳು ನೀರಿನ ತೆಳುಪದರದಲ್ಲಿ ಈಜಬಲ್ಲವು. ವಾಂಡಾ, ಫೆಲೆನಾಪ್ಸಿಸ್‌ಗಳಂಥ ಒಂಟಿ ಕಾಂಡದ ಗಿಡಗಳಲ್ಲಿ ಸುಳಿ ಕೊಳೆತರೆ ಗಿಡ ಉಳಿಯುವುದು ವಿರಳ.

2. ಬುಡಕೊಳೆ: ಸೆಕೆ ಮತ್ತು ತೇವ ಕೂಡಿದಾಗ ಸ್ಕ್ಲೆರೋಷಿಯಂ ಶಿಲೀಂಧ್ರವು ಬುಡಕ್ಕೆ ಮುತ್ತುತ್ತದೆ. ಬಿಳಿಯ ನೂಲಿನೆಳೆಗಳೂ ಸಾಸಿವೆಯಂಥ ಕಾಳುಗಳೂ ಇದರ ಗುರುತು.

3. ಫ್ಯುಸೇರಿಯಂ ಸೊರಗು: ಇದು ನಿಧಾನವಾಗಿ ಕೊಲ್ಲುವ ರೋಗ. ಎಲೆ ಹಳದಿಯಾಗಿ ಸುಕ್ಕುಗಟ್ಟುತ್ತದೆ. ಕ್ಯಾಟ್ಲಿಯಾದ ಬುಡಗೆಡ್ಡೆಯನ್ನು ಕೊಯ್ದರೆ ನೇರಳೆ ಬಣ್ಣದ ಉಂಗುರ ಕಾಣುತ್ತದೆ.

ನನ್ನ ತಪ್ಪುಗಳು ಎರಡು. ಪ್ರೀತಿಯಿಂದ ಪ್ರತಿ ಸಂಜೆ ನೀರೆರೆದೆ. ಸುಳಿಯಲ್ಲಿ ನಿಂತ ನೀರು ರಾತ್ರಿಯಿಡೀ ಆರಲಿಲ್ಲ. ಬಳಿಕ ಕೊಳೆತ ಎಲೆಯನ್ನು ಕತ್ತರಿಸಿದ ಕತ್ತರಿಯನ್ನೇ ಉಳಿದ ಗಿಡಗಳಿಗೂ ಬಳಸಿದೆ. ರೋಗವನ್ನು ನಾನೇ ಕೈಯಾರೆ ಹಂಚಿದಂತಾಯಿತು.

ಆದುದರಿಂದ ನೀರನ್ನು ಬೆಳಿಗ್ಗೆ ಮಾತ್ರ ಹಾಕಬೇಕು. ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದ ಮೇಲೆ ನೀರು ಸಾಕು. ಹಸಿರಾಗಿದ್ದರೆ ತೇವವಿದೆಯೆಂದೇ ಅರ್ಥ. ಕುಂಡಕ್ಕೆ ಮಣ್ಣಿನ ಬದಲು ಇದ್ದಲಿನ ತುಂಡುಗಳನ್ನು ತುಂಬಿ, ಗಾಳಿಯಾಡುವಂತೆ ದೂರದೂರ ತೂಗುಹಾಕಬೇಕು. ರೋಗ ಕಂಡೊಡನೆ ಗಿಡವನ್ನು ಬೇರ್ಪಡಿಸಿ, ಆರೋಗ್ಯವಂತ ಭಾಗ ಕಾಣುವವರೆಗೂ ಕೊಯ್ದು, ಪ್ರತಿ ಸಲವೂ ಅಲಗನ್ನು ಬೆಂಕಿಯಲ್ಲಿ ಕಾಯಿಸಬೇಕು.

ಔಷಧಿಗೆ ಮುನ್ನ ರೋಗನಿರ್ಣಯ ಅವಶ್ಯ. ಮೆಟಲಾಕ್ಸಿಲ್ ಕಪ್ಪು ಕೊಳೆಗೆ ಉಪಯುಕ್ತ, ಫ್ಯುಸೇರಿಯಂಗೆ ನಿರರ್ಥಕ. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವು ಅಡಕೆಗೆ ಸಂಜೀವಿನಿಯಾದರೂ, ಅದರಲ್ಲಿರುವ ತಾಮ್ರದಿಂದ ಡೆಂಡ್ರೋಬಿಯಂ ಗಿಡಗಳಿಗೆ ಹಾನಿಯಾಗುತ್ತದೆ. ಇವೆಲ್ಲ ವಿಷಗಳಾದುದರಿಂದ ಕೈಗವಸು ಧರಿಸಿ, ಮಕ್ಕಳಿಂದ ದೂರವಿಡುವುದು ಕ್ಷೇಮ.

ಉಳಿದ ಎರಡು ಗಿಡಗಳಲ್ಲಿ ಒಂದು, ನನ್ನ ತಾಯಿಯವರು ಊರಿನ ತೋಟದಲ್ಲಿ ಮುರಿದುಬಿದ್ದ ಕೊಂಬೆಯಿಂದ ಬಿಡಿಸಿ, ರೈಲಿನಲ್ಲಿ ಮಡಿಲಲ್ಲಿಟ್ಟು ತಂದ ಸೀತಾಳೆ. ಅವರು ಈಗಿಲ್ಲ. ಅದರಲ್ಲಿ ಹೊಸ ಬೇರೊಂದು ಮೂಡಿದೆ. ಸಂಜೆ ಮನೆ ತಲುಪಿದಾಗ ನೀರಿನ ತಂಬಿಗೆಯತ್ತ ಕೈ ಚಾಚುತ್ತದೆ, ಈಗ ತಡೆದುಕೊಳ್ಳುತ್ತೇನೆ.