ಭೂಕಂಪದ ಭಯವೂ ನಮ್ಮ ಮನೆಯ ಗೋಡೆಯೂ



ರಾತ್ರಿ ಮಲಗಿದಾಗ ಅಡಿಗೆ ಮನೆಯ ಪಾತ್ರೆಗಳು ಸದ್ದು ಮಾಡಿದರೆ ಎದೆ ಝಲ್ಲೆನ್ನುತ್ತದೆ. ಕಲ್ಲಿನ ಗಣಿಯಲ್ಲಿ ಮದ್ದು ಹಾರಿತೋ, ಭೂಮಿಯೇ ನಡುಗಿತೋ ತಿಳಿಯದು. 2021ರಲ್ಲಿ ನೆರೆಯ ವಿಜಯಪುರ ಜಿಲ್ಲೆಯಲ್ಲಿ ಸಣ್ಣ ಕಂಪನಗಳಾದವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದವರಿಗೆ "ನಾಳೆ ನಮ್ಮಲ್ಲಿಯೂ ಆದೀತೇ?" ಎಂದು ಅಳುಕು ಹುಟ್ಟುವುದು ಸಹಜವೇ.

ದಿನ, ವೇಳೆ ಹೇಳಿ ಇದಕ್ಕೆ ಉತ್ತರ ಕೊಡಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ. "ಇಂದು ರಾತ್ರಿ ಆಗುತ್ತದೆ" ಎಂದು ಯಾರಾದರೂ ಹೇಳಿದರೆ ಅದು ಗಾಳಿಮಾತೆಂದು ತಿಳಿಯಿರಿ. "ನಮ್ಮದು ಗಟ್ಟಿ ಕಲ್ಲಿನ ನೆಲ, ಇಲ್ಲಿ ಎಂದಿಗೂ ಆಗದು" ಎಂಬ ಮಾತೂ ಸರಿಯಲ್ಲ. ಗಟ್ಟಿ ನೆಲದ ನಾಡಿನಲ್ಲಿಯೇ 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ, 1993ರ ಸೆಪ್ಟೆಂಬರ್ 30ರಂದು ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಎರಡೂ ನಸುಕಿನಲ್ಲಿ, ಜನ ಮಲಗಿದ್ದಾಗ ಆದವು.

ಕಿಲ್ಲಾರಿಯ ಪಾಠವನ್ನು ನಾವು ಚೆನ್ನಾಗಿ ಕಲಿಯಬೇಕು. ಅಲ್ಲಿನ ಕಂಪನದ ಪ್ರಮಾಣ 6.2. ಸತ್ತವರು 7,000ಕ್ಕಿಂತ ಹೆಚ್ಚು. ನಾಲ್ಕು ತಿಂಗಳೊಳಗೆ, 1994ರ ಜನವರಿ 17ರ ನಸುಕಿನಲ್ಲಿ, ಅಮೇರಿಕದ ಲಾಸ್ ಏಂಜಲೀಸ್ ಬಳಿ 6.7 ಪ್ರಮಾಣದ ಕಂಪನವಾಯಿತು. ಅಲ್ಲಿ ಸತ್ತವರು ನೂರಕ್ಕಿಂತ ಕಡಿಮೆ. ಹೆಚ್ಚು ನಡುಗಿದಲ್ಲಿ ಕಡಿಮೆ ಸಾವೇಕೆ? ಮನೆಗಳು ಬೇರೆ ಬಗೆಯವು, ಅದಕ್ಕೆ. ಕಿಲ್ಲಾರಿಯ ಜನರನ್ನು ಹೆಚ್ಚಾಗಿ ಕೊಂದದ್ದು ಮೈಮೇಲೆ ಬಿದ್ದ ಕಲ್ಲು ಮಣ್ಣು.

ಅಲ್ಲಿನ ಮನೆಗಳು ನಮ್ಮ ಹಳೆಯ ಮನೆಗಳಂಥವೇ. ದಪ್ಪ ಗೋಡೆಯೆಂದರೆ ಒಳಗೊಂದು, ಹೊರಗೊಂದು ಕಲ್ಲಿನ ಸಾಲು. ನಡುವೆ ಚೂರುಗಲ್ಲು, ಮಣ್ಣು. ನೆಲ ನಡುಗಿದಾಗ ಎರಡು ಸಾಲುಗಳೂ ಬೇರೆಯಾಗಿ ಬಿದ್ದವು. ಮೇಲೆ ಮಣ್ಣಿನ ಮಾಳಿಗೆಯ ಭಾರ ಬೇರೆ. ಸೋರಿದಾಗಲೆಲ್ಲ ಮಾಳಿಗೆಯ ಮೇಲೆ ಇನ್ನಷ್ಟು ಮಣ್ಣು ಹಾಕುವುದು ನಮ್ಮಲ್ಲಿಯೂ ರೂಢಿ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದರ ಭಾರ ಸುಮಾರು 4½ ಟನ್.

"ಬಾದಾಮಿಯ ಗುಹೆಗಳು ಇಂದಿಗೂ ನಿಂತಿವೆಯಲ್ಲ?" ಎಂದು ಕೇಳಬಹುದು. 578ನೆಯ ಇಸವಿಯ ಶಾಸನವುಳ್ಳ ಆ ಮೂರನೆಯ ಗುಹೆ ಒಂದೇ ಬಂಡೆಯಲ್ಲಿ ಕೊರೆದದ್ದು. ನಮ್ಮ ಗೋಡೆ ಬಿಡಿಗಲ್ಲಿನದು. ಕಲ್ಲು ವೈರಿಯಲ್ಲ, ಕಲ್ಲಿಗೆ ಕಲ್ಲು ಹೆಣೆದುಕೊಳ್ಳದಿರುವುದೇ ದೋಷ.

ಹೊಸ ಮನೆ ಕಟ್ಟುವವರು ಗೌಂಡಿಗೆ ಮೊದಲೇ ಹೀಗೆ ಹೇಳಿರಿ:

1. ಗೋಡೆಯ ಒಳಮೈಯಿಂದ ಹೊರಮೈವರೆಗೆ ಮುಟ್ಟುವ ಉದ್ದ ಕಲ್ಲುಗಳನ್ನು ಎತ್ತರದಲ್ಲಿ 2 ಅಡಿಗೊಂದು, ಉದ್ದಕ್ಕೆ 4 ಅಡಿಗೊಂದರಂತೆ ಇಡಬೇಕು.

2. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ, ಕಬ್ಬಿಣದ ಸರಳುಳ್ಳ ಕಾಂಕ್ರೀಟ್ ಪಟ್ಟಿ ಹಾಕಬೇಕು. ಪೆಟ್ಟಿಗೆಗೆ ಹೊಡೆದ ಪಟ್ಟಿಯಂತೆ ಅದು ಮನೆಯನ್ನು ಹಿಡಿದಿಡುತ್ತದೆ.

3. ಮೂಲೆಗೆ ಹತ್ತಿ ಬಾಗಿಲು, ಕಿಟಕಿ ಇಡಬಾರದು.

ಹಳೆಯ ಮನೆಯನ್ನು ಕೆಡವಬೇಕೆಂದಿಲ್ಲ. ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸಿ, ನೀರು ಸೋರದಂತೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ತೆಳುವಾಗಿ ಮಣ್ಣು ಹರಡಿರಿ. ಹೊಟ್ಟೆ ಬಿಟ್ಟ ಗೋಡೆಯನ್ನು ಮೊದಲು ರಿಪೇರಿ ಮಾಡಿಸಿರಿ. ಉಳಿದ ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಡಿಸಿ, ಆರಪಾರ ಸರಳು ಇಟ್ಟು ಕಾಂಕ್ರೀಟ್ ತುಂಬಿದರೆ ಎರಡು ಸಾಲುಗಳೂ ಕೂಡಿಕೊಳ್ಳುತ್ತವೆ. ಇದನ್ನು ಬಲ್ಲ ಗೌಂಡಿಯಿಂದಲೇ ಮಾಡಿಸಿರಿ.

ಖರ್ಚಿಲ್ಲದ ಕೆಲಸಗಳೂ ಇವೆ. ತಲೆಯ ಮೇಲಿನ ನಾಗಂದಿಗೆಯಿಂದ ಭಾರದ ಸಾಮಾನು ಇಳಿಸಿರಿ. ಮಲಗುವಲ್ಲಿಂದ ಬಾಗಿಲವರೆಗೆ ಚೀಲ, ನೇಗಿಲು ಅಡ್ಡ ಇಡಬೇಡಿರಿ. ನಡುಗಿದಾಗ ಬಾಗಿಲು ಹತ್ತಿರವಿದ್ದರೆ ಬಯಲಿಗೆ ಬಂದು ಗೋಡೆಗಳಿಂದ ದೂರ ನಿಲ್ಲಿರಿ. ದೂರವಿದ್ದರೆ ಗಟ್ಟಿ ಮಂಚದ ಕೆಳಗೆ ಸೇರಿ ತಲೆ ಕಾಯ್ದುಕೊಳ್ಳಿರಿ. ಇದನ್ನು ಮಕ್ಕಳಿಗೂ ಹೇಳಿಕೊಡಿರಿ. ಏನು ಮಾಡಬೇಕೆಂದು ತಿಳಿದ ಮಗು ಅಷ್ಟಾಗಿ ಹೆದರದು.

ಮಳೆ ಯಾವಾಗ ಬರುವುದೆಂದು ತಿಳಿಯದಿದ್ದರೂ ನಾವು ಬದು ಹಾಕುವುದನ್ನು ಬಿಡುವುದಿಲ್ಲ. ಭೂಕಂಪಕ್ಕೂ ಇದೇ ದಾರಿ. ಭಯವಿದ್ದರೆ ಇರಲಿ, ಅದನ್ನು ಗೋಡೆಯ ಕೆಲಸಕ್ಕೆ ಹಚ್ಚಿರಿ.

ಈ ವಾರದ ಕೆಲಸ: ನಿಮ್ಮ ಮಾಳಿಗೆಯ ಮೇಲೆ ಎಷ್ಟು ದಪ್ಪ ಮಣ್ಣಿದೆ? ಯಾವ ಗೋಡೆ ಉಬ್ಬಿದೆ? ಕತ್ತಲೆಯಲ್ಲಿ ಬಾಗಿಲಿಗೆ ಎಷ್ಟು ಹೆಜ್ಜೆ? ಮನೆಮಂದಿಯೆಲ್ಲ ಕೂಡಿ ನೋಡಿರಿ.